ಬೇಸಿಗೆಯ ಓದಿಗೆ ದೊಡ್ಡವರ ಕಾವಲು ಬೇಡ

ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಗೆ ಏಪ್ರಿಲ್ 10ರಂದು ಕೊಡಿ ಏರುವ ಹೊತ್ತಿಗೆ ಶಾಲೆಗಳ ಬಾಗಿಲು ಮುಚ್ಚಿರುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹದಿಹರೆಯದ ಮಕ್ಕಳಿಗೆ ವರ್ಷದಲ್ಲಿ ಒಂದೇ ಸಲ ಸಿಗುವ ಸುಮಾರು ಏಳು ವಾರಗಳ ಬಿಡುವು ಅಲ್ಲಿಂದ ಆರಂಭವಾಗುತ್ತದೆ. ಈ ಬಿಡುವಿನಲ್ಲಿ ಅವರು ಏನು ಓದಬೇಕು ಎಂದು ಕೇಳಿದರೆ ಹೆತ್ತವರು, ಶಿಕ್ಷಕರು, ಬೇಸಿಗೆ ಶಿಬಿರ ನಡೆಸುವವರು, ಬಹುಮಾನಕ್ಕೆಂದು ಪುಸ್ತಕ ಕೊಳ್ಳುವ ಸಂಘಗಳವರು ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಾರೆ. ಪುಸ್ತಕ ಉಪಯೋಗಕ್ಕೆ ಬೀಳುವಂತಿರಬೇಕು, ವಯಸ್ಸಿಗೆ ತಕ್ಕಂತಿರಬೇಕು, ಮನಸ್ಸು ಕೆಡಿಸಬಾರದು. ಅಂಥ ಪುಸ್ತಕ ಯಾವುದೆಂದು ಮಕ್ಕಳಿಗೆ ತಿಳಿಯದ ಕಾರಣ ದೊಡ್ಡವರೇ ಆರಿಸಿ ಕೊಡಬೇಕು. ಇದು ಎಷ್ಟು ಸಲೀಸಾಗಿ ಒಪ್ಪಿತವಾಗಿದೆಯೆಂದರೆ, ಇದೊಂದು ಅಭಿಪ್ರಾಯ, ಇದಕ್ಕೆ ಎದುರು ಹೇಳಬಹುದು ಎಂದೇ ಯಾರಿಗೂ ತೋಚುವುದಿಲ್ಲ. ನಾನು ಎದುರು ಹೇಳುತ್ತೇನೆ. ಈ ನಂಬಿಕೆ ಮಕ್ಕಳನ್ನು ಓದಿನತ್ತ ಕರೆತಂದಿಲ್ಲ, ಓದಿನಿಂದ ಓಡಿಸಿದೆ. ಹದಿಮೂರು ದಾಟಿದ ಮಕ್ಕಳ ಬೇಸಿಗೆಯ ಪುಸ್ತಕವನ್ನು ಅವರೇ ಆರಿಸಬೇಕು. ಆರಿಸಲು ಬೇಕಾದಷ್ಟು ಪುಸ್ತಕಗಳನ್ನು ಅವರ ಕೈಗೆಟಕುವಂತೆ ಇಡುವುದಷ್ಟೇ ದೊಡ್ಡವರ ಕೆಲಸ. ಆ ಕೆಲಸವನ್ನೇ ನಾವು ಮಾಡುತ್ತಿಲ್ಲ.

ಮೊದಲ ಆರೋಪ 'ಉಪಯೋಗ'ದ ಮೇಲೆ. ದಕ್ಷಿಣ ಕನ್ನಡ ಅಂಕಗಳಿಗೆ ಹೆಸರಾದ ಜಿಲ್ಲೆ. 2024ರ ದ್ವಿತೀಯ ಪಿಯುಸಿಯಲ್ಲಿ ಶೇ. 97.37 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲ ಸ್ಥಾನ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 91.12 ಪಡೆದು ಮತ್ತೆ ಮೊದಲ ಸ್ಥಾನ. ಇದರಲ್ಲಿ ಮಕ್ಕಳ ಶ್ರಮವಿದೆ, ಶಿಕ್ಷಕರ ಶ್ರಮವೂ ಇದೆ, ಅದನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಈ ಸ್ಥಾನ ಉಳಿಸಿಕೊಳ್ಳಲು ನಾವು ಬೇಸಿಗೆಯನ್ನು ಏನು ಮಾಡಿಟ್ಟಿದ್ದೇವೆ? ಒಂಬತ್ತನೆಯ ತರಗತಿ ಮುಗಿಸಿದವರಿಗೆ ರಜೆಯಲ್ಲೇ ಹತ್ತನೆಯ ಪಾಠ ಹಿಡಿಸಲಾಗುತ್ತದೆ. ಹತ್ತು ಮುಗಿಸಿದವರಿಗೆ ಬ್ರಿಜ್ ಕೋರ್ಸ್, ಪಿಯುಸಿಯವರಿಗೆ ನೀಟ್, ಜೆಇಇ, ಸಿಇಟಿ ಕೋಚಿಂಗ್. ಇಷ್ಟರ ನಡುವೆ ಒಂದು ಪುಸ್ತಕ ಮಗುವಿನ ಕೈಗೆ ಬಂದರೆ ಅದು ಸಾಮಾನ್ಯ ಜ್ಞಾನದ ಕೈಪಿಡಿಯಾಗಿರುತ್ತದೆ, ಸ್ಪೋಕನ್ ಇಂಗ್ಲಿಷ್ ಆಗಿರುತ್ತದೆ, ಯಶಸ್ಸಿನ ಸೂತ್ರ ಹೇಳುವ ವ್ಯಕ್ತಿತ್ವ ವಿಕಸನದ ಪುಸ್ತಕವಾಗಿರುತ್ತದೆ ಅಥವಾ ಯಾರೋ ಮಹನೀಯರ ಜೀವನಚರಿತ್ರೆಯ ತೆಳು ಹೊತ್ತಗೆಯಾಗಿರುತ್ತದೆ. ಅಂಥ ಹೊತ್ತಗೆಯೊಂದನ್ನು ತೆರೆದು ನೋಡಿ. ಮೊದಲ ಪುಟದಲ್ಲಿ ಬಡತನ, ಎರಡನೆಯದರಲ್ಲಿ ತಾಯಿಯ ಮಾತು ಮೀರದ ಬಾಲಕ, ನಾಲ್ಕನೆಯದರಲ್ಲಿ ಬೀದಿದೀಪದ ಕೆಳಗಿನ ಓದು, ಕೊನೆಯ ಪುಟದಲ್ಲಿ ಪದವಿ, ಪ್ರಶಸ್ತಿ. ನಡುವೆ ಎಲ್ಲೂ ಆ ಮನುಷ್ಯನಿಗೆ ಸಿಟ್ಟು ಬರುವುದಿಲ್ಲ, ಅಸೂಯೆ ಕಾಡುವುದಿಲ್ಲ, ಹೆತ್ತವರೊಡನೆ ಜಗಳವಾಗುವುದಿಲ್ಲ, ತಾನು ಮಾಡಿದ್ದು ಸರಿಯೇ ಎಂದು ನಿದ್ದೆಗೆಡುವ ರಾತ್ರಿ ಬರುವುದಿಲ್ಲ. ಹದಿನೈದರ ವಯಸ್ಸಿನಲ್ಲಿ ಇವೆಲ್ಲವನ್ನೂ ಏಕಕಾಲಕ್ಕೆ ಅನುಭವಿಸುತ್ತಿರುವ ಹುಡುಗನಿಗೆ ಇಂಥ ಪುಸ್ತಕ ಏನು ಹೇಳೀತು? ನಿನ್ನಂಥವನಿಗೆ ಇಲ್ಲಿ ಜಾಗವಿಲ್ಲ ಎಂದಷ್ಟೇ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಓದಿದ್ದರ ಸಾರಾಂಶ ಬರೆದು ತೋರಿಸಬೇಕು, ಇದರಿಂದ ಕಲಿತ ನೀತಿ ಏನೆಂದು ಹೇಳಬೇಕು. ಹತ್ತು ತಿಂಗಳ ಪರೀಕ್ಷೆ ಮುಗಿಸಿ ಬಂದವರ ಎದುರು ಹನ್ನೊಂದನೆಯ ತಿಂಗಳಲ್ಲೂ ಪರೀಕ್ಷೆಯನ್ನೇ ಹರಡಿ, 'ಈಗಿನ ಮಕ್ಕಳು ಓದುವುದಿಲ್ಲ' ಎಂದು ದೂರುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಎರಡನೆಯ ಆರೋಪ 'ವಯಸ್ಸಿಗೆ ತಕ್ಕದ್ದು' ಎಂಬ ಮಾತಿನ ಮೇಲೆ. ಕೊಲೆ, ದ್ವೇಷ, ಕಾಮ, ಸಾಲ, ಜಾತಿಯ ಅವಮಾನ ಇರುವ ಕಾದಂಬರಿ ಮಕ್ಕಳಿಗೆ ಬೇಡ, ಪದವಿಗೆ ಹೋದ ಮೇಲೆ ಓದಿಕೊಳ್ಳಲಿ ಎನ್ನುವವರು ತಾವು ಬದುಕುತ್ತಿರುವ ನೆಲದ ಕತೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು. ಕೋಟಿ-ಚೆನ್ನಯರು ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದವರು. ಅವರ ಬದುಕಿನ ಮೊದಲೂ ಕೊನೆಯೂ ಈ ಸೀಮೆಯ ಒಳಗೇ ಆಗಿಹೋಗಿವೆ. ಅವರ ಪಾಡ್ದನದಲ್ಲಿ ಮಾತಿಗೆ ತಪ್ಪುವ ಬಲ್ಲಾಳನಿದ್ದಾನೆ, ಗದ್ದೆಯ ನೀರಿಗಾಗಿ ಹುಟ್ಟಿದ ಜಗಳ ಇದೆ, ಮಲ್ಲಯ ಬುದ್ಯಂತನ ಕೊಲೆ ಇದೆ, ಊರು ಬಿಟ್ಟು ಅಲೆಯುವುದಿದೆ, ಕೊನೆಗೆ ಅಣ್ಣನ ಹಿಂದೆಯೇ ತಮ್ಮನ ಸಾವೂ ಇದೆ. ಗರಡಿಯ ನೇಮದಲ್ಲಿ ಈ ಕತೆ ನಡೆಯುವಾಗ ಅಂಗಳದ ಮುಂದಿನ ಸಾಲಿನಲ್ಲಿ ಕೂರುವವರು ಮಕ್ಕಳೇ. ಬೇಸಿಗೆಯೆಂದರೆ ಬಯಲಾಟದ ಕಾಲವೂ ಹೌದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ತನಕ ಊರೂರಿನ ಗದ್ದೆಗಳಲ್ಲಿ ಆಟ ನಡೆಯುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕುವುದನ್ನು, ಕೀಚಕ ಸೈರಂಧ್ರಿಯನ್ನು ಬೆನ್ನಟ್ಟುವುದನ್ನು, ಹದಿನಾರರ ಅಭಿಮನ್ಯುವನ್ನು ಹಿರಿಯ ಮಹಾರಥರೆಲ್ಲ ಸುತ್ತುವರಿದು ಕೊಲ್ಲುವುದನ್ನು ಇಲ್ಲಿನ ಮಕ್ಕಳು ಅಜ್ಜನ ಮಡಿಲಲ್ಲಿ ಕೂತೇ ನೋಡುತ್ತಾರೆ. ಇದರಿಂದ ಯಾರ ಮನಸ್ಸೂ ಕೆಟ್ಟದ್ದಿಲ್ಲ. ಮನುಷ್ಯರ ಕೇಡನ್ನೂ ಘನತೆಯನ್ನೂ ಒಟ್ಟಿಗೆ ಕಾಣುವ ಕಣ್ಣು ಈ ಸೀಮೆಯವರಿಗೆ ಬಂದದ್ದು ಅಲ್ಲಿಂದಲೇ. ರಂಗಸ್ಥಳದ ಮೇಲೆ ಸಲ್ಲುವುದು ಪುಸ್ತಕದ ಪುಟಕ್ಕೆ ಬಂದೊಡನೆ ಅಪಾಯವಾಗುವುದು ಹೇಗೆ?

ಶಿವರಾಮ ಕಾರಂತರ 'ಚೋಮನ ದುಡಿ'ಯನ್ನೇ ತೆಗೆದುಕೊಳ್ಳೋಣ. 1933ರಲ್ಲಿ ಬಂದ ಕಾದಂಬರಿ, ಗಾತ್ರದಲ್ಲಿ ಚಿಕ್ಕದು, ಹತ್ತನೆಯ ತರಗತಿಯವರು ಎರಡು ಮಧ್ಯಾಹ್ನಗಳಲ್ಲಿ ಓದಿ ಮುಗಿಸಬಲ್ಲರು. ತನ್ನದೇ ತುಂಡು ನೆಲದಲ್ಲಿ ಬೇಸಾಯ ಮಾಡಬೇಕೆಂಬ ಒಂದೇ ಒಂದು ಆಸೆ ಚೋಮನದು. ಹುಟ್ಟಿದ ಜಾತಿಯ ಕಾರಣಕ್ಕೆ ಅದು ನಡೆಯುವುದಿಲ್ಲ. ತೀರದ ಸಾಲಕ್ಕಾಗಿ ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ, ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಪ್ರೀತಿಗಾಗಿ ಮತವನ್ನೇ ಬಿಡುತ್ತಾನೆ. ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆ ಎಂಬ ಒಂದೇ ಕಾರಣಕ್ಕೆ ಆ ಮಗು ಬದುಕುವುದಿಲ್ಲ. ಇದನ್ನು ಓದಿದ ಹದಿನಾಲ್ಕರ ಹುಡುಗಿಯೊಬ್ಬಳು ಅಂದು ರಾತ್ರಿ ಊಟ ಬಿಟ್ಟು ಅತ್ತರೆ ಅದು ಅವಳಿಗಾದ ಹಾನಿಯೇ? ಆ ಅಳು ಅವಳಿಗೆ ಬರಬೇಕಾದದ್ದು. ಅದನ್ನು ತಡೆದು, 'ಎಲ್ಲರೂ ಸಮಾನರು' ಎಂಬ ಸಾಲನ್ನು ಸಮಾಜ ವಿಜ್ಞಾನದ ಎರಡು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿಸುವುದರಲ್ಲಿ ಯಾವ ಶಿಕ್ಷಣವಿದೆ? ಉತ್ತರ ಬರೆದವಳಿಗೆ ಅಂಕ ಸಿಗಬಹುದು. ನೀಲನ ಸಾವನ್ನು ಓದಿದವಳಿಗೆ ತನ್ನ ಮನೆಯ ಅಂಗಳದಲ್ಲಿ ಯಾರು ಎಲ್ಲಿಯ ತನಕ ಬರುತ್ತಾರೆ, ಯಾರಿಗೆ ಯಾವ ಲೋಟದಲ್ಲಿ ಚಹಾ ಹೋಗುತ್ತದೆ ಎಂಬುದು ಮೊದಲ ಬಾರಿಗೆ ಕಾಣಿಸುತ್ತದೆ.

ಬಹುಶಃ ನಮ್ಮ ಭಯ ಇರುವುದು ಅಲ್ಲಿಯೇ. ಇದು ನನ್ನ ಮೂರನೆಯ ಆರೋಪ. ಮಕ್ಕಳ ಮನಸ್ಸು ಕೆಟ್ಟೀತು ಎಂದು ನಾವು ಬಾಯಲ್ಲಿ ಹೇಳುತ್ತೇವೆ. ಮಕ್ಕಳು ನಮ್ಮನ್ನು ಪ್ರಶ್ನಿಸಿಯಾರು ಎಂಬುದು ಒಳಗಿನ ಹೆದರಿಕೆ. ಬೊಳುವಾರು ಮಹಮದ್ ಕುಂಞಿ ಪುತ್ತೂರಿನ ಬೊಳುವಾರಿನವರು. ಮುತ್ತುಪ್ಪಾಡಿ ಎಂಬ ಊರನ್ನು ಕಲ್ಪಿಸಿ ಅಲ್ಲಿನ ಮುಸ್ಲಿಮರ, ಹಿಂದೂಗಳ ದಿನನಿತ್ಯದ ಬದುಕನ್ನು ಕನ್ನಡಕ್ಕೆ ತಂದವರು. ಗಾಂಧೀಜಿಯ ಕುರಿತು ಮಕ್ಕಳಿಗಾಗಿ ಬರೆದ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ, 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದವರು. ಪುತ್ತೂರಿನ ಹೈಸ್ಕೂಲಿನಲ್ಲಿ ಓದುವ ಒಬ್ಬ ಹುಡುಗ ತನ್ನ ಪಕ್ಕದ ಬೆಂಚಿನವನ ಮನೆಯೊಳಗೆ ಏನು ಅಡುಗೆ ಆಗುತ್ತದೆ, ಅಲ್ಲಿನ ಅಜ್ಜಿ ಯಾವುದಕ್ಕೆ ನಗುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ ಎಂದು ತಿಳಿಯಲು ಇಂಥ ಕತೆಗಳಿಗಿಂತ ಹತ್ತಿರದ ದಾರಿ ಇದೆಯೇ? ಬೇರೆ ಧರ್ಮದ ಸಹಪಾಠಿಯೊಂದಿಗೆ ಮಾತಾಡಿದ್ದಕ್ಕೆ ಹುಡುಗನಿಗೋ ಹುಡುಗಿಗೋ ಹಲ್ಲೆಯಾದ ಸುದ್ದಿಯನ್ನು ಕರಾವಳಿಯ ಪತ್ರಿಕೆಗಳು ಪದೇ ಪದೇ ಪ್ರಕಟಿಸುತ್ತವೆ. ಇಂಥ ನೆಲದಲ್ಲಿ ಒಬ್ಬರ ಮನೆಯ ಕತೆ ಇನ್ನೊಬ್ಬರ ಮಕ್ಕಳಿಗೆ ತಲುಪದಂತೆ ನೋಡಿಕೊಳ್ಳುವುದು ಜಾಗ್ರತೆಯಲ್ಲ, ದ್ರೋಹ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಾವಲು ಇನ್ನೂ ಬಿಗಿ. ಬೇಸಿಗೆಯಲ್ಲಿ ಅಣ್ಣ-ತಮ್ಮಂದಿರು ಕ್ರಿಕೆಟ್ಟಿಗೆ ಹೋದಾಗ ಅವಳಿಗೆ ಹಲಸಿನ ಹಪ್ಪಳ ಒತ್ತುವ, ಅಂಗಳದಲ್ಲಿ ಒಣಗಿದ ಅಡಿಕೆ ರಾಶಿ ಮಾಡುವ ಕೆಲಸವಿರುತ್ತದೆ. ಅದರ ನಡುವೆ ಕಾದಂಬರಿ ಹಿಡಿದು ಕೂತರೆ ಸೋಮಾರಿ ಎನ್ನಿಸಿಕೊಳ್ಳುತ್ತಾಳೆ, ಪ್ರೇಮದ ಕತೆಯಾದರೆ ಅನುಮಾನಕ್ಕೂ ಗುರಿಯಾಗುತ್ತಾಳೆ. ಹೆಣ್ಣಿನ ಮನಸ್ಸನ್ನು ಒಳಗಿನಿಂದ ಬರೆದ ತ್ರಿವೇಣಿ, ಚಂದ್ರಗಿರಿಯ ತೀರದ ನಾದಿರಾಳ ಸಂಕಟವನ್ನು ಬರೆದ ಸಾರಾ ಅಬೂಬಕ್ಕರ್, ಕರಾವಳಿಯ ಮನೆಗಳ ಹಿತ್ತಿಲನ್ನು ಬಲ್ಲ ವೈದೇಹಿ ಇವರೆಲ್ಲ ಅವಳಿಗೆ ಹದಿನಾರರಲ್ಲಿ ಬೇಕು. ಮದುವೆಯಾಗಿ, ಎಲ್ಲವೂ ತೀರ್ಮಾನವಾದ ಮೇಲೆ ಸಿಕ್ಕಿ ಏನು ಪ್ರಯೋಜನ?

ನಾಲ್ಕನೆಯ ಆರೋಪ ಈ ಸೀಮೆಗೇ ಸೇರಿದ್ದು. ಕನ್ನಡದಲ್ಲಿ ಮಕ್ಕಳ ಓದಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಯೋಚಿಸಿದವರಲ್ಲಿ ಇಬ್ಬರು ಇಲ್ಲಿಯವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿ ಪರ್ಲಡ್ಕದ ಬಾಲವನದಲ್ಲಿ ಮಕ್ಕಳನ್ನು ಆಟ, ನಾಟಕ, ಚಿತ್ರ, ಸುತ್ತಾಟಗಳ ಮೂಲಕ ಬೆಳೆಸುವ ಪ್ರಯೋಗ ಮಾಡಿದರು. ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು, ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಕೊಟ್ಟರು. ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಏಳು ಸಂಪುಟಗಳ 'ಜ್ಞಾನಗಂಗೋತ್ರಿ'ಯನ್ನು, ಜಗತ್ತಿನ ಕತೆಗಳನ್ನು ಕನ್ನಡಕ್ಕೆ ತಂದ ಇಪ್ಪತ್ತೈದು ಸಂಪುಟಗಳ 'ವಿಶ್ವಕಥಾಕೋಶ'ವನ್ನು ಸಂಪಾದಿಸಿದರು. ಇಬ್ಬರೂ ಮಕ್ಕಳ ಮುಂದೆ ಇಡೀ ಪ್ರಪಂಚವನ್ನು ಹರವಿದರು; ಇದು ನಿನಗೆ, ಇದು ಬೇಡ ಎಂದು ಬೇಲಿ ಹಾಕಲಿಲ್ಲ. 1941ರಲ್ಲಿ ಕಯ್ಯೂರಿನ ರೈತರ ಬಂಡಾಯವಾದಾಗ ನಿರಂಜನರಿಗಿನ್ನೂ ಹದಿನಾರು ವರ್ಷ. ಆ ಮೊಕದ್ದಮೆಯಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದ ಐವರಲ್ಲಿ ಒಬ್ಬ ಪ್ರಾಯಕ್ಕೆ ಬಾರದವನೆಂಬ ಕಾರಣಕ್ಕೆ ಉಳಿದುಕೊಂಡ. ನಾಲ್ವರು 1943ರಲ್ಲಿ ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ಆ ಘಟನೆಯೇ ಮುಂದೆ ನಿರಂಜನರ 'ಚಿರಸ್ಮರಣೆ' ಕಾದಂಬರಿಯಾಯಿತು. ಹದಿಹರೆಯದ ಮನಸ್ಸು ಎಷ್ಟು ದೊಡ್ಡ ಸಂಗತಿಯನ್ನು ಹೊತ್ತು ಹಲವು ವರ್ಷ ನಡೆಯಬಲ್ಲದು ಎನ್ನಲು ಕುಳ್ಕುಂದದ ಈ ಹುಡುಗನಿಗಿಂತ ಬೇರೆ ಸಾಕ್ಷಿ ಬೇಕೇ? ಈ ಇಬ್ಬರ ಊರುಗಳಲ್ಲೇ ಇಂದು ಅವರ ಪುಸ್ತಕಗಳು ಮಕ್ಕಳಿಗೆ 'ತೂಕದವು' ಎನ್ನಿಸಿಕೊಂಡು ಮೂಲೆ ಸೇರಿವೆ. ಕಾರಂತರ ಹೆಸರು ಭಾಷಣ ಸ್ಪರ್ಧೆಯ ವಿಷಯವಾಗಿ ಮಾತ್ರ ಉಳಿದರೆ ಅದು ಕಾರಂತರಿಗೆ ಮಾಡುವ ಗೌರವವೇ?

ಕಾರಂತರ 'ಬೆಟ್ಟದ ಜೀವ'ದ ಉದಾಹರಣೆಯೊಂದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಕುಮಾರಪರ್ವತದ ತಪ್ಪಲಿನಲ್ಲಿ ದಾರಿ ತಪ್ಪಿದವನೊಬ್ಬ ದೇರಣ್ಣ, ಬಟ್ಯರೆಂಬ ಇಬ್ಬರ ಕೈಗೆ ಸಿಕ್ಕಿ, ಕತ್ತಲಲ್ಲಿ ಗೋಪಾಲಯ್ಯನವರ ಮನೆ ಸೇರುತ್ತಾನೆ. ಕಾಡು ಕಡಿದು ತೋಟ ಮಾಡಿದ ಆ ಮುದುಕನಿಗೆ ಹುಲಿ-ಆನೆಗಳ ಭಯವಿಲ್ಲ, ಸೋಲಿನ ಭಯವೂ ಇಲ್ಲ. ಇರುವ ಒಂದೇ ನೋವು, ಮನೆ ಬಿಟ್ಟು ಹೋದ ಮಗ ಶಂಭು. ಆ ಮಗನ ನೆನಪಿನಲ್ಲಿ ಹೆಂಡತಿ ಶಂಕರಮ್ಮ ಒಳಗೊಳಗೇ ಕುಸಿಯುತ್ತಾರೆ. ಇದು ಸುಳ್ಯದ, ಕಡಬದ ಯಾವ ಮನೆಯ ಕತೆಯಲ್ಲ? ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ ಬಂದು ತೋಟ ಕೈಬಿಡುತ್ತಿರುವ ಮನೆಗಳಲ್ಲಿ ಮಗ ಓದಿ ಬೆಂಗಳೂರಿಗೋ ದುಬೈಗೋ ಹೋಗಲಿ ಎಂದು ಹಾರೈಸುವ ಹೆತ್ತವರೇ, ಅವನು ಹೋದ ಮೇಲೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಾರೆ. ಹದಿನೇಳರ ಹುಡುಗ ಮನೆಯಿಂದ ಹೊರಡುವ ಮೊದಲ ಬೇಸಿಗೆಯಲ್ಲಿ ಈ ಕಾದಂಬರಿ ಓದಿದರೆ, ತನ್ನ ಅಪ್ಪ-ಅಮ್ಮ ಹೇಳದೆ ಉಳಿಸಿಕೊಂಡ ಮಾತು ಅವನಿಗೆ ಕೇಳಿಸುತ್ತದೆ. 1943ರಲ್ಲಿ ಬಂದ ಪುಸ್ತಕ ಇವತ್ತಿನ ಹುಡುಗನಿಗೆ ಹಳತಾಗಿಲ್ಲ. ಅವನ ಕೈಗೆ ಅದು ಸಿಗದಂತೆ ನಾವು ನೋಡಿಕೊಂಡಿದ್ದೇವೆ, ಅಷ್ಟೇ.

ಇಷ್ಟು ಹೇಳಿದರೆ ಒಂದು ಆಕ್ಷೇಪ ಏಳುತ್ತದೆ: ಹಾಗಾದರೆ ನೀವೂ ಪಟ್ಟಿ ಕೊಡುತ್ತಿದ್ದೀರಲ್ಲ, ನಿಮ್ಮ ಆಯ್ಕೆಗೂ ನಮ್ಮ ಆಯ್ಕೆಗೂ ವ್ಯತ್ಯಾಸವೇನು? ವ್ಯತ್ಯಾಸ ದೊಡ್ಡದು. ಈ ಪುಸ್ತಕಗಳನ್ನು ಓದಲೇಬೇಕು ಎಂದು ನಾನು ಹೇಳುತ್ತಿಲ್ಲ; ಇವು ಕಪಾಟಿನಲ್ಲಿ ಇರಲೇಬೇಕು ಎನ್ನುತ್ತಿದ್ದೇನೆ. 'ಚೋಮನ ದುಡಿ'ಯ ಹತ್ತು ಪುಟ ಓದಿ ಬೇಸರವಾಗಿ ಮುಚ್ಚಿಟ್ಟು ತೇಜಸ್ವಿಯವರ 'ಕರ್ವಾಲೊ' ಎತ್ತಿಕೊಂಡರೆ ಎತ್ತಿಕೊಳ್ಳಲಿ. ಅದೂ ಬೇಡವೆನಿಸಿ 'ಜುಗಾರಿ ಕ್ರಾಸ್' ಹಿಡಿದು ರಾತ್ರಿಯಿಡೀ ಕೂತರೆ ಕೂರಲಿ. ಫ್ರಾನ್ಸಿನ ಶಾಲಾ ಶಿಕ್ಷಕ, ಕಾದಂಬರಿಕಾರ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನಿಗೆ ಹತ್ತು ಹಕ್ಕುಗಳಿವೆ ಎಂದು ಬರೆದರು. ಓದದೇ ಇರುವುದು, ಪುಟ ಹಾರಿಸುವುದು, ಅರ್ಧಕ್ಕೆ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು, ಓದಿದ್ದರ ಬಗ್ಗೆ ಯಾರಿಗೂ ಏನೂ ಹೇಳದಿರುವುದು ಎಲ್ಲವೂ ಅದರಲ್ಲಿ ಸೇರಿವೆ. ಓದುವ ಅಭ್ಯಾಸವಿರುವ ಪ್ರತಿಯೊಬ್ಬ ದೊಡ್ಡವರೂ ಈ ಹಕ್ಕುಗಳನ್ನು ದಿನಾ ಬಳಸುತ್ತಾರೆ. ಮಕ್ಕಳಿಗೆ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಒಪ್ಪಿಸುವ ಶಿಕ್ಷೆ ಏಕೆ?

ಎರಡನೆಯ ಆಕ್ಷೇಪ: ಬಿಟ್ಟರೆ ಮಕ್ಕಳು ಕಸವನ್ನೇ ಆರಿಸುತ್ತಾರೆ. ಕನ್ನಡ ಓದಿನ ಇತಿಹಾಸವೇ ಈ ಮಾತನ್ನು ಸುಳ್ಳು ಮಾಡುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಪಠ್ಯದ ನಡುವೆ ಬಚ್ಚಿಟ್ಟು ಓದಿದ ಒಂದು ಇಡೀ ತಲೆಮಾರು ಕನ್ನಡದಲ್ಲಿದೆ. 'ಚಂದಮಾಮ'ದ ಬೇತಾಳನ ಕತೆಗೆ ತಿಂಗಳಿಡೀ ಕಾದವರಿದ್ದಾರೆ, ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ ಹೊಲಿದು ಪುಸ್ತಕ ಮಾಡಿಕೊಂಡವರಿದ್ದಾರೆ. ಅವರೇ ಮುಂದೆ ಕಾರಂತ, ಕುವೆಂಪು, ಅನಂತಮೂರ್ತಿಯವರನ್ನು ಓದಿದರು. ಓದಿನ ರುಚಿ ಹತ್ತಿದವರು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ರುಚಿಯೇ ಹತ್ತದವರಿಗೆ ಶ್ರೇಷ್ಠ ಕೃತಿ ಕೊಟ್ಟರೂ ಅದು ಹೊರೆ. ಇದಕ್ಕೆ ಹೊರಗಿನ ಪುರಾವೆಯೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ರಿಚರ್ಡ್ ಅಲಿಂಗ್ಟನ್ ಮತ್ತು ಸಂಗಡಿಗರು ಬಡ ಕುಟುಂಬಗಳ ಪ್ರಾಥಮಿಕ ಶಾಲಾ ಮಕ್ಕಳಿಗೆ ಸತತ ಮೂರು ಬೇಸಿಗೆಗಳಲ್ಲಿ, ಪ್ರತಿ ರಜೆಗೆ ಹನ್ನೆರಡು ಪುಸ್ತಕಗಳನ್ನು ಮಕ್ಕಳೇ ಆರಿಸಿಕೊಳ್ಳುವಂತೆ ಕೊಟ್ಟರು. ಪಾಠವಿಲ್ಲ, ಪ್ರಶ್ನೆಯಿಲ್ಲ, ಪುಸ್ತಕ ಹಿಂದಿರುಗಿಸಬೇಕಾಗಿಯೂ ಇಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಈ ಮಕ್ಕಳ ಓದಿನ ಸಾಮರ್ಥ್ಯ ಪುಸ್ತಕ ಸಿಗದವರಿಗಿಂತ ಗಮನಾರ್ಹವಾಗಿ ಮೇಲಿತ್ತು. ಅವರು ಆರಿಸಿಕೊಂಡದ್ದರಲ್ಲಿ ಹೆಚ್ಚಿನವು ಪಂಡಿತರು ಮೆಚ್ಚುವ ಕೃತಿಗಳಾಗಿರಲಿಲ್ಲ. ಏಳೆಂಟು ವರ್ಷದ ಮಕ್ಕಳನ್ನೇ ನಂಬಬಹುದಾದರೆ ಹದಿನೈದರವರನ್ನು ನಂಬಲು ಏನು ಅಡ್ಡಿ?

ಮೂರನೆಯದು ಮೊಬೈಲಿನ ಮಾತು. ಮಕ್ಕಳು ರೀಲ್ಸ್ ಬಿಟ್ಟು ಏಳುವುದಿಲ್ಲ, ಇನ್ನು ಕಾದಂಬರಿ ಎಲ್ಲಿ ಓದಿಯಾರು ಎಂದು ಕೇಳುತ್ತಾರೆ. ಆ ಮೊಬೈಲಿನಲ್ಲಿ ಏನು ಬರುತ್ತದೆಂದು ಆರಿಸಿ ಕೊಡುವವರು ಯಾರು? ಕೊಲೆ, ಕಾಮ, ದ್ವೇಷ ಎಲ್ಲವೂ ಅಲ್ಲಿ ಹಿಂದು-ಮುಂದಿಲ್ಲದೆ, ಕಾರಣವಿಲ್ಲದೆ, ಪರಿಣಾಮವಿಲ್ಲದೆ ಬಂದು ಬೀಳುತ್ತವೆ. ಕಾದಂಬರಿಯಲ್ಲಿ ಒಂದು ಸಾವು ಬರಬೇಕಾದರೆ ನೂರು ಪುಟಗಳ ಬದುಕು ಬಂದಿರುತ್ತದೆ. ಪುಸ್ತಕಕ್ಕೆ ಕಾವಲು ಕೂತು ಮೊಬೈಲನ್ನು ತೆರೆದು ಕೊಟ್ಟ ನಾವು, ಕೆಡುಕಿನ ಅರ್ಥ ತಿಳಿಸುವುದನ್ನು ತಡೆದು ಬರೀ ಕೆಡುಕನ್ನು ಒಳಗೆ ಬಿಟ್ಟಿದ್ದೇವೆ. ನಾಲ್ಕನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಓದುವುದೇ ಕಷ್ಟ. ನಿಜ. ದೇಶದ 28 ಜಿಲ್ಲೆಗಳಲ್ಲಿ 14ರಿಂದ 18ರ ವಯಸ್ಸಿನವರನ್ನು ಕುರಿತು 2023ರಲ್ಲಿ ನಡೆದ 'ಅಸರ್' ಸಮೀಕ್ಷೆ, ಸುಮಾರು ನಾಲ್ಕರಲ್ಲಿ ಒಬ್ಬರಿಗೆ ತಮ್ಮ ಪ್ರಾದೇಶಿಕ ಭಾಷೆಯ ಎರಡನೆಯ ತರಗತಿ ಮಟ್ಟದ ಪಠ್ಯವನ್ನೂ ಸರಾಗವಾಗಿ ಓದಲಾಗುವುದಿಲ್ಲ ಎಂದು ಕಂಡುಕೊಂಡಿತು. ಆದರೆ ಓದಲು ಕಷ್ಟವಾಗುವವರಿಗೆ ಒಣ ಉಪದೇಶದ ಪುಸ್ತಕ ಕೊಟ್ಟರೆ ಕಷ್ಟ ಇಮ್ಮಡಿಯಾಗುತ್ತದೆ. ಮುಂದೇನಾಯಿತು ಎಂಬ ಕುತೂಹಲ ಮಾತ್ರ ತಡವರಿಸುವ ಓದುಗನನ್ನು ಪುಟದಿಂದ ಪುಟಕ್ಕೆ ನಡೆಸಬಲ್ಲದು. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಕೊಂಕಣಿ, ಮಲಯಾಳ ಆಡುತ್ತ ಕನ್ನಡದಲ್ಲಿ ಓದಿ ಬರೆದವರ ಸೀಮೆ ಇದು. ಇಲ್ಲಿನವರಿಗೆ ಕನ್ನಡ ಎಂದೂ ತಾನಾಗಿ ಬಂದದ್ದಲ್ಲ, ಓದಿ ಗಳಿಸಿದ್ದು. ಇಂಗ್ಲಿಷಿನಲ್ಲೇ ಮೊದಲು ಓದುವವರು ಹಾಗೆಯೇ ಓದಲಿ. ಪಕ್ಕದಲ್ಲಿ ಕನ್ನಡದ ಒಳ್ಳೆಯ ಪುಸ್ತಕವೂ ಇದ್ದರೆ ಕೈ ಅಲ್ಲಿಗೂ ಹೋಗುತ್ತದೆ.

ಕೊನೆಗೆ ಅಂಕದ ಚಿಂತೆ ಉಳಿಯುತ್ತದೆ. ಅದಕ್ಕೂ ಉತ್ತರವಿದೆ. ಹಲವು ದೇಶಗಳ ಹದಿನೈದು ವರ್ಷದ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ 2000ದ 'ಪೀಸಾ' ಅಧ್ಯಯನದ ಮೇಲೆ 2002ರಲ್ಲಿ ಬಂದ ವರದಿ ಒಂದು ಮುಖ್ಯ ಸಂಗತಿಯನ್ನು ತೋರಿಸಿತು. ಕೆಳದರ್ಜೆಯ ಉದ್ಯೋಗದಲ್ಲಿರುವವರ ಮಕ್ಕಳು ಓದಿನಲ್ಲಿ ಆಸಕ್ತಿಯಿಂದ ತೊಡಗಿದ್ದರೆ, ಮೇಲ್ದರ್ಜೆಯ ಉದ್ಯೋಗದಲ್ಲಿದ್ದವರ ಓದದ ಮಕ್ಕಳಿಗಿಂತ ಹೆಚ್ಚಿನ ಸಾಮರ್ಥ್ಯ ತೋರಿದರು. ತೋಟದ ಕೂಲಿಯವರ, ಬೀಡಿ ಕಟ್ಟುವವರ, ರಬ್ಬರ್ ಟ್ಯಾಪಿಂಗ್ ಮಾಡುವವರ ಮಕ್ಕಳು ಕೋಚಿಂಗಿನ ಶುಲ್ಕ ಕಟ್ಟಲಾರರು. ಅವರ ಎದುರು ತೆರೆದಿರುವ, ದುಡ್ಡು ಕೇಳದ ಒಂದೇ ಬಾಗಿಲು ಓದು. ಹಾಗೆಂದು ಅಂಕಕ್ಕಾಗಿ ಓದಿ ಎಂದು ನಾನು ವಾದಿಸುವುದಿಲ್ಲ. ಓದಿನಿಂದ ಅಂಕಕ್ಕೆ ಕುತ್ತು ಎಂಬ ಭಯಕ್ಕೆ ಆಧಾರವಿಲ್ಲ ಎಂದು ಮಾತ್ರ ಹೇಳುತ್ತೇನೆ.

ಈಗ ಸಂಸ್ಥೆಗಳ ಹೊಣೆ. ಶಾಲೆಗಳಲ್ಲಿ ಪುಸ್ತಕಗಳಿಲ್ಲ ಎನ್ನಲಾಗದು; ಇವೆ, ಕಪಾಟಿನಲ್ಲಿವೆ. ಮಕ್ಕಳಿಗೆ ಪುರುಸೊತ್ತಿಲ್ಲದ ಹತ್ತು ತಿಂಗಳು ಆ ಕಪಾಟು ವಾರಕ್ಕೊಂದು ಪೀರಿಯಡ್ಡಿನಲ್ಲಿ ತೆರೆಯುತ್ತದೆ, ಪುರುಸೊತ್ತು ಸಿಗುವ ಎರಡು ತಿಂಗಳು ಬೀಗ ಹಾಕಿಕೊಂಡು ಕೂರುತ್ತದೆ. ಪುಸ್ತಕ ಕಳೆದರೆ ಲೆಕ್ಕ ಕೊಡುವವರು ಯಾರು ಎಂಬ ಭಯಕ್ಕೆ ಇಡೀ ಬೇಸಿಗೆಯನ್ನು ಬಲಿ ಕೊಡುತ್ತೇವೆ. ಹರಿದುಹೋದ ಪುಸ್ತಕ ಓದಿಸಿಕೊಂಡ ಪುಸ್ತಕ. ಗೆದ್ದಲು ತಿಂದ ಪುಸ್ತಕಕ್ಕೆ ಯಾವ ಲೆಕ್ಕ ಕೊಡುತ್ತೀರಿ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಜನ ಕಟ್ಟುತ್ತ ಬಂದಿದ್ದಾರೆ. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಕಾನೂನಿದೆ, ಹಣವಿದೆ, ಸದಸ್ಯತ್ವವಿದೆ. ಆದರೆ ಆ ಕಪಾಟಿಗೆ ಯಾವ ಪುಸ್ತಕ ಬರಬೇಕೆಂದು ಹದಿಹರೆಯದ ಸದಸ್ಯರನ್ನು ಕೇಳಿದವರು ಯಾರು? ಸಗಟು ಖರೀದಿಯಲ್ಲಿ ಬಂದ ಕಟ್ಟು ಬಿಚ್ಚಿ ಜೋಡಿಸಿದರೆ ಕರ್ತವ್ಯ ಮುಗಿಯುತ್ತದೆಯೇ?

ಆದ್ದರಿಂದ ನನ್ನ ಒತ್ತಾಯ ಸ್ಪಷ್ಟ. ಈ ಮೂರು ತಾಲೂಕುಗಳ ಪ್ರತಿ ಹೈಸ್ಕೂಲು, ಪಿಯು ಕಾಲೇಜು ರಜೆಗೆ ಮುಂಚಿನ ಕೊನೆಯ ದಿನ ತನ್ನ ಕಪಾಟಿನ ಬೀಗ ತೆಗೆದು, ಪ್ರತಿ ವಿದ್ಯಾರ್ಥಿಗೆ ಇಷ್ಟಬಂದ ಐದು ಪುಸ್ತಕ ಕೊಟ್ಟು ಕಳಿಸಲಿ. ಜೂನಿನಲ್ಲಿ ಪುಸ್ತಕ ವಾಪಸು ಕೇಳಲಿ, ಸಾರಾಂಶ ಕೇಳದಿರಲಿ. ಪಂಚಾಯಿತಿ ಗ್ರಂಥಾಲಯಗಳು ವರ್ಷದ ಖರೀದಿಯ ಪಟ್ಟಿಯನ್ನು ಊರಿನ ಹದಿಹರೆಯದ ಸದಸ್ಯರ ಮುಂದಿಟ್ಟು ಮಾಡಲಿ, ಬೇಸಿಗೆಯಲ್ಲಿ ಸಂಜೆಯೂ ತೆರೆದಿರಲಿ. ವಾರ್ಷಿಕೋತ್ಸವದಲ್ಲಿ ಸ್ಟೀಲ್ ತಟ್ಟೆ-ಲೋಟ ಬಹುಮಾನ ಕೊಡುವ ಸಂಘಗಳು ಆ ಹಣವನ್ನು ಮಕ್ಕಳು ತಾವೇ ಅಂಗಡಿಗೆ ಹೋಗಿ ಪುಸ್ತಕ ಕೊಳ್ಳುವಂತೆ ಕೂಪನ್ ಮಾಡಿ ಕೊಡಲಿ. ಏಪ್ರಿಲ್ 17ರ ಬ್ರಹ್ಮರಥೋತ್ಸವಕ್ಕೆ ಊರೇ ನೆರೆಯುವ ಪುತ್ತೂರಿನ ಜಾತ್ರೆಗದ್ದೆಯಲ್ಲಿ ಬಳೆ-ಬಲೂನುಗಳ ಸಾಲಿನಲ್ಲೇ, ಮಕ್ಕಳ ಕಿಸೆಗೆ ಎಟಕುವ ದರದ ಪುಸ್ತಕದ ಅಂಗಡಿಗಳಿಗೂ ಜಾಗ ಸಿಗಲಿ. ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ: ಈ ಬೇಸಿಗೆಯಲ್ಲಿ ಮಗನೋ ಮಗಳೋ ಒಂದು ಕಾದಂಬರಿ ಹಿಡಿದು ಮೂಲೆಯಲ್ಲಿ ಕೂತದ್ದು ಕಂಡರೆ ಅದು ಯಾವ ಪುಸ್ತಕ, ಅದರಿಂದ ಏನು ಉಪಯೋಗ ಎಂದು ಕೇಳಬೇಡಿ. ಅವರು ಓದುವಷ್ಟು ಹೊತ್ತು ಬೇರೆ ಕೆಲಸಕ್ಕೆ ಕರೆಯಬೇಡಿ. ಮುಗಿದ ಮೇಲೆ ಇನ್ನೊಂದು ಪುಸ್ತಕಕ್ಕೆ ದುಡ್ಡು ಕೊಡಿ.